ಹನ್ನೊಂದು ಕಿಲೋ

ಕ್ಲಬ್ಬು ಮುಚ್ಚಿದಾಗ ಮೂರು ತಿಂಗಳ ಸಂಬಳದ ಬದಲು
ಎರಡು ಸ್ಪೀಕರು ಕೊಟ್ಟು ಕಳಿಸಿದರು.
ಸೊಂಟದೆತ್ತರ, ಆಕ್ರೋಟು ಬಣ್ಣ,
ಮುಂದಿನ ಬಟ್ಟೆಯಲ್ಲಿ ಯಾರದೋ ಸಿಗರೇಟು ಸುಟ್ಟ ತೂತು.
ಮೊಂತೆವಿದೆಯೋದ ನಮ್ಮ ಒಂದೂವರೆ ಕೋಣೆಯಲ್ಲಿ
ಮಾತು ಬಿಟ್ಟ ನೆಂಟರ ಹಾಗೆ ಆರು ತಿಂಗಳು ನಿಂತವು.
ಒಂದರ ಮೇಲೆ ನೆಲ್ದಾ ಜೆರೇನಿಯಂ ಕುಂಡವಿಟ್ಟಳು,
ಇನ್ನೊಂದರ ಮೇಲೆ ನನ್ನ ಮಾಟೆ ಕುಡಿಯುವ ಸೋರೆಬುರುಡೆ.

ಆಂಪ್ಲಿಫೈಯರು ಬೇಕು. ಇದ್ದದ್ದು ನಾಲ್ಕು ಸಾವಿರ ಪೆಸೊ,
ಅದರಲ್ಲೂ ಮುನ್ನೂರು ಗ್ಯಾಸಿನವನದು.

ನಾನೊಂದು ನೋಟುಬುಕ್ಕು ಮಾಡಿದೆ.
ಓಮು ನಾಲ್ಕೋ ಎಂಟೋ, ಬೆನ್ನಿನ ಚೀಟಿ ಅಳಿಸಿದೆ.
ಯಾವ ಕೋಣೆಗೆ ಎಷ್ಟು ವ್ಯಾಟು ಸಾಕು.
ವ್ಯಾಟು ಎರಡರಷ್ಟಾದರೆ
ಸದ್ದು ಎರಡರಷ್ಟಾಗುವುದಿಲ್ಲ ನೆಲ್ದಾ,
ಮೂರೇ ಮೂರು ಡೆಸಿಬೆಲ್ಲು, ಹುಬ್ಬೇರಿಸುವಷ್ಟು.
ಸಂಬಳವೂ ಹಾಗೆಯೇ ಅಂದಳು
ಬಟಾಣಿ ಸುಲಿಯುತ್ತ.

ಭಾನುವಾರ ತ್ರಿಸ್ತಾನ್ ನಾರ್ವಾಹಾ ಬೀದಿಯ ಸಂತೆ.
ಪಂಜರದ ಗಿಣಿ, ಬೀಗವಿಲ್ಲದ ಕೀಲಿ, ಒಂಟಿ ಬೂಟು,
ಯಾರದೋ ಮದುವೆಯ ಫೋಟೋ, ಬರೀ ಚೌಕಟ್ಟಿನ ಬೆಲೆಗೆ.
ವಾಲ್ದೆಮಾರನ ಟಾರ್ಪಾಲಿನ ಮೇಲೆ ಮೂರು ಡಬ್ಬ.

ಮೊದಲನೆಯದಕ್ಕೆ ನೀಲಿ ದೀಪ, ಕುಣಿಯುವ ಎರಡು ಮುಳ್ಳು,
ಇನ್ನೂರು ವ್ಯಾಟು ಎಂದು ಬರೆದಿದೆ, ಬರೆದವನು ಕೊಡುಗೈ ದೊರೆ.
ನೆಲ್ದಾ ಒಂದೇ ಕೈಯಲ್ಲಿ ಎತ್ತಿದಳು. ಇಳಿಸಿದಳು.
ಹಿಟ್ಟಿಲ್ಲ, ಜುಟ್ಟು ತುಂಬ ಮಲ್ಲಿಗೆ.

ಎರಡನೆಯದು ಅಂಗೈಯಗಲ, ಹೊಸತು,
ಬಿಸಿಯಾಗುವುದಿಲ್ಲ, ಕರೆಂಟು ತಿನ್ನುವುದಿಲ್ಲ,
ನನ್ನ ಪುಸ್ತಕದಲ್ಲಿ ಅದರ ಹೆಸರಿನ ಕೆಳಗೆ ಎರಡು ಗೆರೆ.
ಆದರೆ ಅಡಾಪ್ಟರು ಬೇರೆ ಕೊಳ್ಳಬೇಕಂತೆ,
ಮೂರು ಕಾಸಿನ ಕುದುರೆಗೆ ಆರು ಕಾಸಿನ ಲಗಾಮು.

ಮೂರನೆಯದು ಬೂದು ಬಣ್ಣ, ಮೂವತ್ತೈದು ವ್ಯಾಟು,
ನೆತ್ತಿಯ ಮೇಲೆ ಯಾರದೋ ಮನೆಯ ಹೂಕುಂಡದ ದುಂಡು ಕಲೆ.
ನೆಲ್ದಾ ಮೊಣಕಾಲೂರಿ ಎರಡೂ ಕೈ ಹಾಕಿದಳು.
ಉಣ್ಣೆ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ,
ತಕ್ಕಡಿಗಿಂತ ಮುಂಚೆ ತೂಕ ಹೇಳುವವಳು:
ಹನ್ನೊಂದು ಕಿಲೋ. ಭಾರವೆಲ್ಲ ಎಡಕ್ಕೆ.
ಟ್ರಾನ್ಸ್‌ಫಾರ್ಮರು ಇರುವುದೇ ಅಲ್ಲಿ, ಅಂದ ವಾಲ್ದೆಮಾರ, ಮೆಚ್ಚಿ.
ಒದ್ದೆ ಉಣ್ಣೆಯೂ ತೂಗುತ್ತದೆ,
ತೋರಿಸು, ಅಂದಳು, ಹಚ್ಚಿ.

ಸ್ಪೀಕರೊಂದಕ್ಕೆ ತಂತಿ ಸಿಕ್ಕಿಸಿ
ಹಾಡು ಹಾಕಹೊರಟವನ ಕೈ ತಡೆದಳು.
ಏನೂ ಬೇಡ. ಗುಂಡಿ ಪೂರ್ತಿ ತಿರುಗಿಸು.
ಗಿಣಿಗಳ ಗಲಾಟೆಯಲ್ಲಿ, ಚೊರಿಸೊ ಸುಡುವ ಹೊಗೆಯಲ್ಲಿ,
ಗೋಡೆಯಾಚೆಯ ಜಗಳ ಆಲಿಸುವವಳ ಹಾಗೆ
ನನ್ನ ಹೆಂಡತಿ ಸ್ಪೀಕರಿಗೆ ಕಿವಿಯಿಟ್ಟು ಕೂತಳು.
ಯಾರೋ ಕಾಗದ ಸವರಿದ ಹಾಗೆ, ಅಷ್ಟೆ.
ನೊಣ ಗುಂಯ್ಗುಡುವುದಿಲ್ಲ.
ಇದಕ್ಕೆ ಸುಮ್ಮನಿರಲು ಬರುತ್ತದೆ, ಅಂದಳು,
ನೋಟುಬುಕ್ಕು ಹಿಡಿದು ನಿಂತ ನನ್ನನ್ನೇ ನೋಡುತ್ತ.

ಐದು ಸಾವಿರದಿಂದ ಮೂರು ಸಾವಿರದ ಏಳುನೂರಕ್ಕೆ ಇಳಿಯಲು
ಮುಕ್ಕಾಲು ಗಂಟೆ. ಕೊಸರಿಗೆ ನಾಲ್ಕು ಮೀಟರು ತಂತಿ.
ಬಸ್ಸಿಗೆ ಉಳಿಯಲಿಲ್ಲ.
ನಾಲ್ಕು ಬೀದಿಗೊಮ್ಮೆ ಕೈ ಬದಲಿಸುತ್ತ
ಇಪ್ಪತ್ತಾರು ಬೀದಿ ನಡೆದೆವು. ನೋಟುಬುಕ್ಕು
ಅವಳ ಚೀಲದಲ್ಲಿತ್ತು, ಅದರದೂ ಒಂದಿಷ್ಟು ತೂಕ.

ಕುಂಡ ಇಳಿಸಿದೆವು. ಬುರುಡೆ ಇಳಿಸಿದೆವು.
ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.
ಬಲಗಡೆ ಬಂತು. ಎಡಗಡೆ ಇಲ್ಲ.
ನೆಲ್ದಾ ಏನೂ ಅನ್ನಲಿಲ್ಲ, ಅದು ಅಂದದ್ದಕ್ಕಿಂತ ಹೆಚ್ಚು.
ಗುಂಡಿಯನ್ನು ಹಿಂದಕ್ಕೂ ಮುಂದಕ್ಕೂ ಮೂವತ್ತು ಸಲ ತಿರುಗಿಸಿದ ಮೇಲೆ
ಕರಕರ ಕೆಮ್ಮಿ, ಗಂಟಲು ಸರಿಮಾಡಿಕೊಂಡು
ಬಂತು.

ಕ್ಲಬ್ಬಿನಲ್ಲಿ ಹತ್ತು ವರ್ಷ ಇದೇ ಟ್ಯಾಂಗೊ ಕೇಳಿದವನು ನಾನು.
ಬಾಂದೊನಿಯೋನ್ ನುಡಿಸುವಾತ
ಮೊದಲ ಸ್ವರಕ್ಕೆ ಮುಂಚೆ
ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆಳೆದುಕೊಳ್ಳುತ್ತಾನೆ.
ಗೊತ್ತೇ ಇರಲಿಲ್ಲ.
ಅಲ್ಲಿ ಯಾವಾಗಲೂ ಯಾರಾದರೂ ಕುಣಿಯುತ್ತಿದ್ದರು.

ಮೇಲೆ ಏನೂ ಇಡಬೇಡಿ, ಉಸಿರಾಡಲಿ,
ಎಂದು ಎರಡು ಸಲ ಹೇಳಿದ್ದ ವಾಲ್ದೆಮಾರ.
ಜುಲೈ ತಿಂಗಳ ಚಳಿ. ರಾತ್ರಿ ಎದ್ದು ನೋಡಿದರೆ
ಬೂದು ಡಬ್ಬದ ಬೆಚ್ಚನೆಯ ನೆತ್ತಿಯ ಮೇಲೆ
ನೆಲ್ದಾಳ ಕಾಲುಚೀಲ
ಎಡದ್ದೊಂದು, ಬಲದ್ದೊಂದು.